ತಿದ್ದೋಕೆ ನೀವ್ಯಾರು?

ಬೋರ್ಡಿನಲ್ಲಿ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ ಎಂದಿದ್ದರೂ ಆಟೊದವರ ಬಾಯಲ್ಲಿ ಅದು ಇನ್ನೂ ಬರೀ ಹೊಸಹಳ್ಳಿ ಮೆಟ್ರೊ. ಬೋರ್ಡು ತಿದ್ದಿದಷ್ಟು ಸಲೀಸಾಗಿ ನಾಲಿಗೆ ತಿದ್ದಲು ಬರುವುದಿಲ್ಲ.

ಮೊನ್ನೆ ಶನಿವಾರ ಸಂಜೆ ಅಲ್ಲಿ ನಮ್ಮ ಸಭೆಯ ಹಿರಿಯರು ನಿಂತಿದ್ದರು. ಕೆಂಗೇರಿಯಲ್ಲಿ ಯಾರದೋ ಮನೆ ಪ್ರಾರ್ಥನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಜಿಪ್ ಕವರಿನ ಸತ್ಯವೇದ. ರೈಲು ಬಂತೇ ಎಂದು ಹಳದಿ ಗೆರೆ ದಾಟಿ ಬಗ್ಗಿದರು. ಪುರ್ರ್ ಎಂದು ಪೀಪಿ. ಮೀಸೆ ಈಗಷ್ಟೇ ಚಿಗುರಿದ ಸೆಕ್ಯುರಿಟಿ ಹುಡುಗ, ‘ಅಂಕಲ್, ಹಿಂದೆ ಬನ್ನಿ’ ಎಂದ. ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದು, ‘ಸಾರಿ ಮಗಾ’ ಎಂದರು. ಯಾವ ವಚನದ ಆಧಾರದ ಮೇಲೆ ಪೀಪಿ ಊದಿದೆ ಎಂದು ಕೇಳಲಿಲ್ಲ.

ಮರುದಿನ, ಹಾರ್ಡ್‌ವೇರ್ ಅಂಗಡಿಯ ಮೇಲಿನ ನಮ್ಮ ಬಾಡಿಗೆ ಹಾಲಿನ ಮೆಟ್ಟಿಲ ಬಳಿ, ಬ್ಲೌಸ್ ಹೊಲಿಯುವ ಅಕ್ಕ ಅವರನ್ನು ಮೆಲ್ಲಗೆ ಕರೆದರು. ‘ಅಣ್ಣಾ, ತಪ್ಪು ತಿಳ್ಕೋಬೇಡಿ. ಹೋದ ವಾರ ಲೇಟಾಗಿ ಬಂದ ಹುಡುಗನ್ನ ಎಲ್ಲರ ಮುಂದೆ ನಿಲ್ಲಿಸಿ ಬೈದ್ರಲ್ಲಾ, ಅವನು ನೈಟ್ ಶಿಫ್ಟ್ ಮುಗಿಸಿ ಸೀದಾ ಬಂದಿದ್ದ.’

‘ತಿದ್ದೋಕೆ ನೀವ್ಯಾರಮ್ಮಾ? ನನ್ನ ತಿದ್ದೋನು ಮೇಲಿದ್ದಾನೆ.’

ಮೇಲಿರುವವನು ಕಳಿಸಿದವರನ್ನೆಲ್ಲ ಮೆಟ್ಟಿಲಿಂದಲೇ ವಾಪಸ್ ಕಳಿಸಿದರೆ ಆತನಾದರೂ ತಿದ್ದುವುದು ಹೇಗೆ?

ಹಾಗೆಂದು ನಮ್ಮಲ್ಲಿ ದೀನತೆಗೆ ಬರವಿಲ್ಲ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎಲ್ಲರೂ ಅಲ್ಪರು, ಅಯೋಗ್ಯರು, ಪಾಪಿಗಳಲ್ಲಿ ಮೊದಲಿಗರು. ಆ ಮಾತು ನಾವೇ ಹೇಳಿಕೊಂಡರೆ ಆಮೆನ್; ಪಕ್ಕದವರು ಹೇಳಿದರೆ ಮಾನನಷ್ಟ.

ತಿದ್ದುವವರೇನೂ ಕಮ್ಮಿಯಿಲ್ಲ. ಸಹೋದರ ತಪ್ಪಿದರೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂದು ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಕ್ರಮ ಹಾಕಿಕೊಟ್ಟ. ನಾವು ಆ ಏಣಿಯನ್ನು ತಲೆಕೆಳಗು ನಿಲ್ಲಿಸಿದ್ದೇವೆ. ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಪ್ರಾರ್ಥನಾ ವಿಷಯ’: ಒಬ್ಬ ಸಹೋದರರ ಕೋಪಕ್ಕಾಗಿ ಪ್ರಾರ್ಥಿಸಿ, ಹೆಸರು ಬೇಡ, ಅಂಗಿ ಬಿಳಿ. ಆಮೇಲೆ ಒಬ್ಬಿಬ್ಬರ ಮನೆಯಲ್ಲಿ ಕಾಫಿ. ಆ ಸಹೋದರನ ಕಿವಿಗೆ ಬೀಳುವುದು ಕಟ್ಟಕಡೆಗೆ. ಕೈಮುಗಿದ ಎಮೋಜಿಯನ್ನು ನಾನೂ ಒತ್ತಿದ್ದೇನೆ.

ಮುಂದಿನ ಭಾನುವಾರದ ಪ್ರಸಂಗ: ಅಭಿಷಿಕ್ತರನ್ನು ಮುಟ್ಟಬಾರದು. ಅಭಿಷಿಕ್ತನಾದ ದಾವೀದನ ಎದುರಿಗೇ ಪ್ರವಾದಿ ನಾತಾನ ಬೆರಳು ತೋರಿಸಿದ್ದು ಆ ದಿನದ ಪಾಠದಲ್ಲಿ ಬರಲಿಲ್ಲ.

ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯವೂ ಬರಲಿಲ್ಲ. ಅಲ್ಲಿ ಅಪೊಲ್ಲೋಸ ಇದ್ದಾನೆ. ಅಲೆಕ್ಸಾಂದ್ರಿಯದವನು, ವಾಕ್ಚತುರ, ಶಾಸ್ತ್ರ ಬಲ್ಲವನು. ಆದರೆ ಅವನ ತಿಳಿವಳಿಕೆ ಯೋಹಾನನ ದೀಕ್ಷಾಸ್ನಾನಕ್ಕೇ ನಿಂತಿತ್ತು. ಎಫೆಸದಲ್ಲಿ ಅವನ ಮಾತು ಕೇಳಿದ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಅವನನ್ನು ಕರೆದುಕೊಂಡು ಹೋಗಿ ಉಳಿದದ್ದನ್ನು ಬಿಡಿಸಿ ಹೇಳಿದರು. ಕಸುಬಿನಲ್ಲಿ ಅವರು ಗುಡಾರ ಮಾಡುವವರು, ನಮ್ಮ ಮಾಗಡಿ ರಸ್ತೆಯ ಲೆಕ್ಕದಲ್ಲಿ ಟಾರ್ಪಾಲಿನವರು. ಅಪೊಲ್ಲೋಸ ಅವರ ಸರ್ಟಿಫಿಕೇಟು ಕೇಳಿದ ಎಂದಾಗಲಿ, ಮುಂದಿನ ಕ್ರಾಸಿನಲ್ಲಿ ಬೇರೆ ಸಭೆ ತೆರೆದ ಎಂದಾಗಲಿ ಲೂಕ ಬರೆದಿಲ್ಲ. ಅಖಾಯಕ್ಕೆ ಹೋಗಿ ವಿಶ್ವಾಸಿಗಳಿಗೆ ಬಹಳ ನೆರವಾದ ಎಂದು ಬರೆದಿದ್ದಾನೆ.

ನಮ್ಮ ನಡುವೆ ಮರುಮಾತಿಲ್ಲದೆ ತಿದ್ದಿಸಿಕೊಂಡದ್ದು ಕಂಕುಳಲ್ಲಿರುವ ಆ ಪುಸ್ತಕ ಒಂದೇ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಬಂದವರು ಅದರ ಪದ ಬದಲಿಸಿದರು, ವಾಕ್ಯ ಮುರಿದು ಕಟ್ಟಿದರು. ದೇವರ ವಾಕ್ಯದ ಕನ್ನಡವನ್ನೇ ತಿದ್ದಬಹುದು; ಅದನ್ನು ಹೊತ್ತವರನ್ನು ಮುಟ್ಟುವಂತಿಲ್ಲ.

ಕೊನೆಗೆ ಹಿರಿಯರು ಮುನಿಸಿಕೊಂಡು ಎರಡು ಕ್ರಾಸ್ ಆಚೆ ತಮ್ಮದೇ ಸಭೆ ತೆರೆದರು. ವೇದಿಕೆಗೆ ಪರದೆ ಬೇಕಿತ್ತು. ಕೂಲಿ ಕಮ್ಮಿ ಎಂದು ಅದೇ ಅಕ್ಕನಿಗೆ ಕೊಟ್ಟರು. ತೂಗುಹಾಕಿ ನೋಡಿದ ಅಕ್ಕ ಹೇಳಿದರಂತೆ: ‘ಅಣ್ಣಾ, ನೀವು ಕೊಟ್ಟ ಅಳತೆ ತಪ್ಪು. ಗೇಣುದ್ದ ಮೇಲೇ ನಿಂತಿದೆ. ಮಡಿಕೆ ಬಿಚ್ಚಿ ಇಳಿಸಬೇಕು.’

‘ಹೌದಾ? ಇಳಿಸಮ್ಮಾ, ಇಳಿಸು.’

ಪರದೆ ಈಗ ನೆಲ ಮುಟ್ಟುತ್ತಿದೆಯಂತೆ.