ಉದ್ದಗಾಲಪ್ಪ

ಡ್ಯಾಡಿ ಲಾಂಗ್ ಲೆಗ್ಸ್ ಎಂಬುದು 1955ರಲ್ಲಿ ಹಾಲಿವುಡ್ಡಿನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ತೆರೆಗೆ ತಂದ ಹಾಡು-ಕುಣಿತದ ಪ್ರೇಮಚಿತ್ರ. ಕೋಟ್ಯಧೀಶನೊಬ್ಬ ಅನಾಥ ಹುಡುಗಿಯೊಬ್ಬಳನ್ನು ತನ್ನ ಹೆಸರು ಹೇಳದೆ ಓದಿಸುತ್ತಾನೆ, ಓದಿಸುತ್ತಿರುವುದನ್ನೇ ಮರೆಯುತ್ತಾನೆ, ನೆನಪಾದ ಮೇಲೆ ಅವಳನ್ನೇ ಪ್ರೀತಿಸುತ್ತಾನೆ. ಗುಪ್ತದಾನವೆಂದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಇಲ್ಲಿ ಕೊಟ್ಟ ಬಲಗೈಗೇ ವರ್ಷಗಟ್ಟಲೆ ಅದರ ನೆನಪಿಲ್ಲ. ಆ ಲೆಕ್ಕದಲ್ಲಿ ಇದಕ್ಕಿಂತ ಗುಪ್ತವಾದ ದಾನ ಇನ್ನೊಂದಿರಲಾರದು.

ಹೆಸರಿನಲ್ಲಿರುವ ಡ್ಯಾಡಿ ಅಪ್ಪನೂ ಅಲ್ಲ, ಮೂಲದಲ್ಲಿ ಮನುಷ್ಯನೂ ಅಲ್ಲ. ಅಮೆರಿಕದಲ್ಲಿ ಅದು ಜೇಡನಂತೆ ಕಾಣುವ, ಆದರೆ ಜೇಡವಲ್ಲದ, ಬಲೆ ನೇಯಲು ಬಾರದ ಎಂಟು ಕಾಲಿನ ಒಂದು ಜೀವಿಯ ಹೆಸರು. ಇಂಗ್ಲೆಂಡಿನಲ್ಲಿ ಅದೇ ಹೆಸರು ರೆಕ್ಕೆಯಿರುವ ಆರು ಕಾಲಿನ ಹುಳುವಿಗೆ ಹೋಗಿದೆ. ಇನ್ನು ಕೆಲವೆಡೆ ಬಚ್ಚಲಮನೆಯ ಮೂಲೆಯಲ್ಲಿ ತಲೆಕೆಳಗಾಗಿ ಜೋತುಬಿದ್ದಿರುವ ಬಡಕಲು ಜೇಡವನ್ನೂ ಹಾಗೇ ಕರೆಯುತ್ತಾರೆ. ಮೈಗೆ ಮೀರಿದ ಕಾಲುಗಳು ಎಂಬುದನ್ನು ಬಿಟ್ಟರೆ ಮೂರಕ್ಕೂ ಹತ್ತಿರದ ನಂಟಿಲ್ಲ. ಕಥೆಯ ಹುಡುಗಿ ತನ್ನ ಉಪಕಾರಿಗೆ ಈ ಹೆಸರಿಡಲು ಕಾರಣ, ಅವನ ಬಗ್ಗೆ ಅವಳು ಕಣ್ಣಾರೆ ಕಂಡದ್ದು ಒಂದೇ ಸಂಗತಿ: ಕಾರಿನ ದೀಪದ ಬೆಳಕಿಗೆ ಗೋಡೆಯ ಮೇಲೆ ಬಿದ್ದ ಅವನ ನೆರಳಿಗೆ ಕಾಲುಗಳು ಬಹಳ ಉದ್ದವಿದ್ದವು.

ಕನ್ನಡದಲ್ಲಿ ಈ ಹೆಸರು ಉದ್ದಗಾಲಪ್ಪ ಎಂದಾಗಬಹುದು. ತಿಮ್ಮಪ್ಪ, ಬಸಪ್ಪರ ಸಾಲಿನಲ್ಲಿ ನಿಲ್ಲಿಸಿದರೆ ಅನುಮಾನ ಬಾರದಂಥ ಹೆಸರು. ಹಾಲಿವುಡ್ಡು ನಾಲ್ಕು ದಶಕ ತಿಣುಕಿದ ಒಂದು ಇಕ್ಕಟ್ಟು ಇದರಿಂದ ತಾನಾಗಿ ಬಗೆಹರಿಯುತ್ತದೆ. ಡ್ಯಾಡಿ ಎಂದು ಕರೆದವನನ್ನು ಮದುವೆಯಾಗುವುದು ಇಂಗ್ಲಿಷಿನಲ್ಲಿ ಮುಜುಗರದ ಮಾತು. ಬಸಪ್ಪನ ಹೆಂಡತಿಗೆ ಅಂಥ ಮುಜುಗರ ಎಂದೂ ಆದದ್ದಿಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಸುತ್ತಿ ಹೇಳುವ ಪದ್ಧತಿಯೂ ಉತ್ತರ ಕರ್ನಾಟಕದಲ್ಲಿದೆ. ಈ ಕಥಾನಾಯಕಿ ಮಾಡುವುದೂ ಅದನ್ನೇ. ಆದರೆ ಒಡಪು ಹೇಳುವ ಹೆಂಗಸಿಗೆ ಗಂಡ ಯಾರೆಂಬುದಾದರೂ ಗೊತ್ತಿರುತ್ತದೆ.

ಚಿತ್ರಕ್ಕೆ ಆಧಾರ ಜೀನ್ ವೆಬ್‌ಸ್ಟರ್ 1912ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ಈಕೆಯ ತಾಯಿ ಮಾರ್ಕ್ ಟ್ವೇನನ ಸೋದರಿಯ ಮಗಳು, ತಂದೆ ಆತನ ಪುಸ್ತಕಗಳ ಪ್ರಕಾಶಕ. ವಾಸರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವಾಗ ಪಾಠದ ಭಾಗವಾಗಿ ಅನಾಥಾಲಯಗಳನ್ನೂ ಬಡಮಕ್ಕಳ ಆಶ್ರಯಗಳನ್ನೂ ನೋಡಿಬಂದಿದ್ದಳು. ಕಾದಂಬರಿಯ ಹುಡುಗಿಯ ಹೆಸರು ಜೆರೂಷಾ ಅಬಟ್. ಜೆರೂಷಾ ಎಂಬುದನ್ನು ಅನಾಥಾಲಯದ ಮೇಲ್ವಿಚಾರಕಿ ಗೋರಿಕಲ್ಲಿನ ಮೇಲಿಂದ ಎತ್ತಿಕೊಂಡದ್ದು, ಅಬಟ್ ಎಂಬುದನ್ನು ಟೆಲಿಫೋನ್ ಡೈರೆಕ್ಟರಿಯ ಮೊದಲ ಪುಟದಿಂದ. ಎರಡನೆಯ ಪುಟ ತಿರುಗಿಸುವ ಶ್ರಮವನ್ನೂ ಸಂಸ್ಥೆ ವಹಿಸಲಿಲ್ಲ. ಕಾಲೇಜಿಗೆ ಹೋದ ಕೂಡಲೇ ಹುಡುಗಿ ತನ್ನನ್ನು ಜೂಡಿ ಎಂದು ಕರೆದುಕೊಂಡದ್ದು ಸಹಜವಾಗಿದೆ.

ಧರ್ಮದರ್ಶಿಗಳಲ್ಲಿ ಒಬ್ಬ ಜಾನ್ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಅವಳ ಕಾಲೇಜಿನ ಖರ್ಚು ವಹಿಸಿಕೊಳ್ಳುತ್ತಾನೆ. ಮೇಲೆ ತಿಂಗಳಿಗೆ 35 ಡಾಲರ್ ಕೈಖರ್ಚು. ಷರತ್ತು ಒಂದೇ: ತಿಂಗಳಿಗೊಂದು ಪತ್ರ ಬರೆಯಬೇಕು, ಉತ್ತರ ನಿರೀಕ್ಷಿಸಕೂಡದು. ಕಾದಂಬರಿಯ ತುಂಬ ಇರುವುದು ಈ ಪತ್ರಗಳೇ. ನಡುನಡುವೆ ಜೂಡಿ ಬಿಡಿಸಿದ ಚಿತ್ರಗಳಿವೆ. ಅವನ್ನು ಬಿಡಿಸಿದವಳು ಲೇಖಕಿಯೇ. ಚಿತ್ರ ಬರೆಯಲು ಚೆನ್ನಾಗಿ ಬಾರದವಳ ಚಿತ್ರಗಳನ್ನು ಬಹಳ ಚೆನ್ನಾಗಿ ಬರೆದಿದ್ದಾಳೆ.

ಈ ಪುಸ್ತಕದ ಇಡೀ ಕಸುಬು ಅಡಗಿರುವುದು ಉತ್ತರ ಬಾರದಿರುವುದರಲ್ಲಿ. ಗೋಡೆಗೆ ಮಾತಾಡುವವಳು ಮೊದಲು ಶಿಸ್ತಿನಿಂದ ವರದಿ ಒಪ್ಪಿಸುತ್ತಾಳೆ, ಆಮೇಲೆ ಹರಟುತ್ತಾಳೆ, ಕೋಪಿಸಿಕೊಳ್ಳುತ್ತಾಳೆ, ಕ್ಷಮೆ ಕೇಳುತ್ತಾಳೆ. ತಾವು ಬೋಳು ತಲೆಯವರೇ ಎಂದು ವಿಚಾರಿಸುತ್ತಾಳೆ. ಗೆಳತಿಯ ಚಿಕ್ಕಪ್ಪ ಜರ್ವಿಸ್ ಪೆಂಡಲ್‌ಟನ್ ಎಂಬವನ ಪ್ರಸ್ತಾಪ ಪತ್ರಗಳಲ್ಲಿ ಹೆಚ್ಚುತ್ತ ಹೋಗುತ್ತದೆ. ಈ ಚಿಕ್ಕಪ್ಪನೇ ಆ ಜಾನ್ ಸ್ಮಿತ್ ಎಂದು ಜೂಡಿಗೆ ಕೊನೆಯವರೆಗೆ ತಿಳಿಯದು. ಓದುಗನಿಗೆ ನಡುವೆ ಎಲ್ಲೋ ವಾಸನೆ ಹತ್ತುತ್ತದೆ, ಆದರೆ ಅವನಿಗೂ ಜೂಡಿ ಬರೆದಷ್ಟೇ ಗತಿ.

1914ರಲ್ಲಿ ವೆಬ್‌ಸ್ಟರ್ ತಾನೇ ಇದನ್ನು ನಾಟಕ ಮಾಡಿದಳು. ಉದ್ದಗಾಲಿನ ಬೊಂಬೆಗಳನ್ನು ಮಾರಿ ಅನಾಥ ಮಕ್ಕಳಿಗಾಗಿ ಹಣ ಕೂಡಿಸಿದರು. 1916ರಲ್ಲಿ, ಹೆರಿಗೆಯಾದ ಬೆನ್ನಿಗೆ, ಲೇಖಕಿ ತೀರಿಕೊಂಡಳು. ಆಗ ಅವಳಿಗೆ 39 ವರ್ಷ. ಪುಸ್ತಕವನ್ನು ಸಿನಿಮಾ ಮಾಡಿದ್ದನ್ನು ಅವಳು ನೋಡಲಿಲ್ಲ.

ಸಿನಿಮಾಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ಪುಸ್ತಕದಲ್ಲಿ ನೆರಳಾಗಿರುವವನಿಗೆ ತೆರೆಯ ಮೇಲೆ ಸಂಬಳ ಕೊಟ್ಟು ಒಬ್ಬ ನಟನನ್ನು ನಿಲ್ಲಿಸಬೇಕು. ಸಂಬಳ ಹೆಚ್ಚಿದಷ್ಟೂ ಅವನನ್ನು ಹೆಚ್ಚು ಹೊತ್ತು ತೋರಿಸಬೇಕು. 1919ರ ಮೂಕಿಚಿತ್ರ ಇದರಿಂದ ಪಾರಾಯಿತು, ಏಕೆಂದರೆ ಅದರಲ್ಲಿದ್ದ ತಾರೆ ಮೇರಿ ಪಿಕ್‌ಫರ್ಡ್. ಮಾರ್ಷಲ್ ನೀಲನ್ ನಿರ್ದೇಶಿಸಿದ ಈ ಚಿತ್ರ ಕಾದಂಬರಿ ಕೆಲವೇ ಪುಟಗಳಲ್ಲಿ ಮುಗಿಸಿದ ಅನಾಥಾಲಯವನ್ನು ಹಿಗ್ಗಿಸಿ, 27 ವರ್ಷದ ಪಿಕ್‌ಫರ್ಡಳಿಗೆ ಜಡೆ ಹಾಕಿ ಚಿಕ್ಕ ಹುಡುಗಿಯಾಗಿಸಿತು. ದಿನಾ ಒಣಹಣ್ಣು ಬೇಯಿಸಿ ಬಡಿಸುವುದರ ವಿರುದ್ಧ ಅವಳು ಮಕ್ಕಳ ಸತ್ಯಾಗ್ರಹ ನಡೆಸುತ್ತಾಳೆ. ಇನ್ನೊಂದು ಕಡೆ ಹೆಂಡದ ಜಾಡಿ ಸಿಕ್ಕಿ ಅವಳೂ ಇನ್ನೊಬ್ಬ ಪೋರನೂ ತೂರಾಡುತ್ತಾರೆ. ಜೊತೆಗಿದ್ದ ನಾಯಿಯೂ ತೂರಾಡುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗ ಉಪಕಾರಿ ಯಾರೆಂದು ಕೇಳುವ ಪುರಸೊತ್ತು ಪ್ರೇಕ್ಷಕನಿಗಿಲ್ಲ.

1931ರಲ್ಲಿ ಜಾನೆಟ್ ಗೇನರ್ ಮತ್ತು ವಾರ್ನರ್ ಬ್ಯಾಕ್ಸ್‌ಟರ್ ಜೋಡಿಯ ಮಾತಿನ ಚಿತ್ರ ಬಂತು. ಅದಕ್ಕಿಂತ ಸ್ವಾರಸ್ಯದ್ದು 1935ರ ಕರ್ಲಿ ಟಾಪ್. ಮೂಲದ ಹೆಸರು ಹೇಳದೆ ಕಥೆಯನ್ನು ಬಳಸಿಕೊಂಡ ಈ ಚಿತ್ರದ ತಾರೆ ಶರ್ಲಿ ಟೆಂಪಲ್. ಆಗ ಅವಳಿಗೆ ಏಳು ವರ್ಷ. ಉಪಕಾರಿ ಏಳು ವರ್ಷದವಳನ್ನು ಪ್ರೀತಿಸುವಂತಿಲ್ಲ. ಚಿತ್ರಕಥೆಯವರು ನಾಯಕಿಯನ್ನೇ ಎರಡಾಗಿ ಸೀಳಿದರು: ದತ್ತು ತೆಗೆದುಕೊಳ್ಳಲು ತಂಗಿ, ಮದುವೆಯಾಗಲು ಅಕ್ಕ. ಮಗಳ ಲೆಕ್ಕ ಒಂದು ಕಡೆ, ಹೆಂಡತಿಯ ಲೆಕ್ಕ ಒಂದು ಕಡೆ, ಎರಡು ಖಾತೆಗಳೂ ಬೆರೆಯಲಿಲ್ಲ. ಈ ಕಥೆಯನ್ನು ಮುಟ್ಟಿದವರ ಪೈಕಿ ಇಷ್ಟು ಚೊಕ್ಕವಾಗಿ ಲೆಕ್ಕ ಇಟ್ಟವರು ಬೇರೆ ಯಾರೂ ಇಲ್ಲ.

1955ರ ಚಿತ್ರ ಆ ಜಾಣತನಕ್ಕೆ ಹೋಗಲಿಲ್ಲ. ಅದರ ನಾಯಕ ಫ್ರೆಡ್ ಆಸ್ಟೇರ್, ಹುಟ್ಟಿದ್ದು 1899ರಲ್ಲಿ. ನಾಯಕಿ ಲೆಸ್ಲಿ ಕ್ಯಾರನ್, ಹುಟ್ಟಿದ್ದು 1931ರಲ್ಲಿ. ಕಾದಂಬರಿಯಲ್ಲಿ ಇಬ್ಬರ ನಡುವೆ 14 ವರ್ಷದ ಅಂತರವಿದ್ದರೆ, 1931ರ ಚಿತ್ರದ ತಾರೆಯರ ನಡುವೆ 17, ಇಲ್ಲಿ 32. ಹೀಗೇ ಬೆಳೆದಿದ್ದರೆ ಮುಂದಿನ ಚಿತ್ರಕ್ಕೆ ನಾಯಕನನ್ನು ಹುಡುಕುವುದೇ ಕಷ್ಟವಾಗುತ್ತಿತ್ತು. ಕ್ಯಾರನ್ ಫ್ರೆಂಚಳಾದ್ದರಿಂದ ಅನಾಥಾಲಯವನ್ನು ಫ್ರಾನ್ಸಿಗೆ ಸಾಗಿಸಿ ಜೂಡಿಗೆ ಜೂಲಿ ಆಂಡ್ರೆ ಎಂದು ಹೆಸರಿಟ್ಟರು. ಎರಡು ವರ್ಷದ ಹಿಂದೆ ಲಿಲಿ ಚಿತ್ರದಲ್ಲೂ ಆಕೆ ಅನಾಥೆಯೇ ಆಗಿದ್ದಳು, ಆಸ್ಕರಿಗೆ ನಾಮನಿರ್ದೇಶನವೂ ಆಗಿತ್ತು. ತಬ್ಬಲಿತನ ಆಕೆಗೆ ಚೆನ್ನಾಗಿ ಒಗ್ಗಿತ್ತು.

ಜೀನ್ ನೆಗುಲೆಸ್ಕೊ ನಿರ್ದೇಶಿಸಿದ, ಫೀಬಿ ಮತ್ತು ಹೆನ್ರಿ ಎಫ್ರಾನ್ ದಂಪತಿ ಬರೆದ ಈ ಚಿತ್ರದಲ್ಲಿ ಜರ್ವಿಸ್ ಪೆಂಡಲ್‌ಟನ್ ಮೂರನೆಯವನು ಸರ್ಕಾರಿ ನಿಯೋಗದೊಂದಿಗೆ ಫ್ರಾನ್ಸಿಗೆ ಬಂದವನು. ಕಾರು ಕೈಕೊಟ್ಟು, ಸಹಾಯ ಹುಡುಕುತ್ತ ಅನಾಥಾಲಯಕ್ಕೆ ನಡೆದುಹೋಗಿ, ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹದಿನೆಂಟರ ಜೂಲಿಯನ್ನು ನೋಡುತ್ತಾನೆ. ದತ್ತು ತೆಗೆದುಕೊಳ್ಳುವ ಯೋಚನೆ ರಾಯಭಾರಿಯ ಬೈಗುಳದಿಂದ ಕೈಬಿಟ್ಟುಹೋಗಿ, ಗುಟ್ಟಾಗಿ ಅಮೆರಿಕದ ಕಾಲೇಜಿಗೆ ಕಳಿಸುವುದು ನಿಶ್ಚಯವಾಗುತ್ತದೆ. ಅವನ ನೆರಳನ್ನು ಕಂಡವರು ಕೂಡ ಇಲ್ಲಿ ಬೇರೆ ಮಕ್ಕಳು. ಜೂಲಿಗೆ ಉದ್ದಗಾಲಿನ ಸುದ್ದಿಯೂ ಕೈಬದಲಾಗಿಯೇ ಬಂದದ್ದು.

ಇಷ್ಟು ಹೊತ್ತಿಗೆ ಪ್ರೇಕ್ಷಕನಿಗೆ ಎಲ್ಲವೂ ಗೊತ್ತು. ಗುಟ್ಟು ಈಗ ಇಡೀ ಚಿತ್ರಮಂದಿರದಲ್ಲಿ ಜೂಲಿ ಒಬ್ಬಳಿಗೆ ಮಾತ್ರ ಗುಟ್ಟು. ಹಾಗಾಗಿ ಕುತೂಹಲ ಹುಡುಗಿಯ ಕೋಣೆಯಿಂದ ಎದ್ದು ಉಪಕಾರಿಯ ಕಚೇರಿಗೆ ಹೋಗಿ ಕೂರುತ್ತದೆ. ಯಾರಿಗೆ ಬರೆಯುತ್ತಿದ್ದಾಳೆ ಎಂಬುದು ಈಗ ಪ್ರಶ್ನೆಯಲ್ಲ. ಯಾರಾದರೂ ಓದುತ್ತಾರೆಯೇ ಎಂಬುದು ಪ್ರಶ್ನೆ. ಪತ್ರಗಳು ಬರುತ್ತವೆ, ಕಚೇರಿಯ ಮೇಲಾಳು ಗ್ರಿಗ್ಸ್ ಗೊಣಗುತ್ತಾನೆ, ಪತ್ರಗಳು ಫೈಲಿಗೆ ಹೋಗುತ್ತವೆ. ಯಜಮಾನ ಡ್ರಮ್ಮು ಬಾರಿಸುತ್ತಿರುತ್ತಾನೆ, ಮಾತಿಗೆ ಹೇಳಿದ್ದಲ್ಲ. ಓದುವವಳು ಸೆಕ್ರೆಟರಿ ಮಿಸ್ ಪ್ರಿಚರ್ಡ್ ಒಬ್ಬಳೇ. ಓದುತ್ತಾಳೆ, ಅಳುತ್ತಾಳೆ, ಕೊನೆಗೆ ತಡೆಯಲಾರದೆ ಯಜಮಾನನ ಮುಂದೆ ಜಗಳಕ್ಕೆ ನಿಲ್ಲುತ್ತಾಳೆ. ಈ ಪಾತ್ರ ಮಾಡಿದ ಥೆಲ್ಮಾ ರಿಟರ್ ಮತ್ತು ಗ್ರಿಗ್ಸ್ ಆದ ಫ್ರೆಡ್ ಕ್ಲಾರ್ಕ್ ಚಿತ್ರದ ನಿಜವಾದ ಬಂಡವಾಳ. ಇನ್ನೊಬ್ಬರ ಮನಸ್ಸನ್ನು ಫೈಲು ಮಾಡುವುದು ಹೇಗೆ ಎಂಬ ವಾಗ್ವಾದದಲ್ಲಿ ಇರುವ ರಸ, ಮುಂದಿನ ಚಂದ್ರನ ಬೆಳಕಿನ ದೃಶ್ಯಗಳಲ್ಲಿ ಇಲ್ಲ.

ಉಳಿದದ್ದು ಕುಣಿತ. ಓದಿದ ಪತ್ರಗಳ ಬಲದಿಂದ ಆಸ್ಟೇರ್ ಹುಡುಗಿಯ ಕಲ್ಪನೆಯ ಮೂರು ವೇಷ ಹಾಕುತ್ತಾನೆ: ಟೆಕ್ಸಸ್ಸಿನ ಎಣ್ಣೆ ಧಣಿ, ದೇಶ ದೇಶ ತಿರುಗುವ ಶೋಕಿಲಾಲ, ಕಾವಲು ದೇವತೆ. ಕಾಲೇಜಿನ ಪಾರ್ಟಿಯಲ್ಲಿ ಸ್ಲೂಫುಟ್ ಎಂಬ ಹೊಸ ನೃತ್ಯವನ್ನು ಹುಡುಗರಿಗಿಂತ ಚೆನ್ನಾಗಿ ಕುಣಿಯುತ್ತಾನೆ. ಜೂಲಿಯ ಕನಸಿಗೆ ಫ್ರಾನ್ಸಿನ ರೋಲಾಂ ಪೆತಿ ಸಂಯೋಜಿಸಿದ ಬ್ಯಾಲೆ ಪ್ಯಾರಿಸ್, ಹಾಂಗ್‌ಕಾಂಗ್, ರಿಯೋ ಸುತ್ತಿ ಬರುತ್ತದೆ. ಅಷ್ಟು ದೂರ ಸುತ್ತುವ ಅಗತ್ಯವಿರಲಿಲ್ಲ ಎಂದು ಮೊದಲ ನಿಲ್ದಾಣದಲ್ಲೇ ಅನ್ನಿಸತೊಡಗುತ್ತದೆ. ಸಿನಿಮಾಸ್ಕೋಪಿನಲ್ಲಿ ಆಸ್ಟೇರನಿಗೆ ಇದು ಮೊದಲ ಚಿತ್ರ. ಕುಣಿಯುವಾಗ ತಲೆಯಿಂದ ಪಾದದವರೆಗೂ ಕಾಣಬೇಕೆಂದು ಹಟ ಹಿಡಿಯುತ್ತಿದ್ದವನಿಗೆ ಸಿಕ್ಕಿದ್ದು ಎತ್ತರ ಬಿಟ್ಟು ಅಗಲಕ್ಕೆ ಬೆಳೆದ ಪರದೆ. ಉದ್ದಗಾಲಿನ ಕಥೆಗೆ ಇದಕ್ಕಿಂತ ಹೊಂದದ ಚೌಕಟ್ಟು ಸಿಗುವುದು ಕಷ್ಟ. ಆದರೂ ಸಮ್‌ಥಿಂಗ್ಸ್ ಗಾಟ್ಟ ಗಿವ್ ಹಾಡು ಎಲ್ಲವನ್ನೂ ಸರಿದೂಗಿಸುತ್ತದೆ. ಪದವೂ ರಾಗವೂ ಜಾನಿ ಮರ್ಸರನದೇ ಆದ ಈ ಹಾಡು ವಯಸ್ಸಿನ ಅಂತರಕ್ಕೆ ಭೌತಶಾಸ್ತ್ರದ ಧಾಟಿಯಲ್ಲಿ ಒಂದು ಸಮಜಾಯಿಷಿ ಕೊಡುತ್ತದೆ. ಆಸ್ಕರಿಗೆ ನಾಮನಿರ್ದೇಶನವಾದರೂ ಬಹುಮಾನ ಬೇರೆ ಹಾಡಿಗೆ ಹೋಯಿತು.

ತೆರೆಯ ಮೇಲಿನ ಈ ಹಗುರತನದ ಹಿಂದೆ ಬೇರೆಯೇ ಒಂದು ಸಂಗತಿಯಿತ್ತು. 1954ರ ಸೆಪ್ಟೆಂಬರಿನಲ್ಲಿ, ಚಿತ್ರದ ಕೆಲಸ ನಡೆದಿರುವಾಗಲೇ, ಆಸ್ಟೇರನ ಹೆಂಡತಿ ಫಿಲಿಸ್ ಕ್ಯಾನ್ಸರಿನಿಂದ ತೀರಿಕೊಂಡಳು. ಚಿತ್ರ ಬಿಟ್ಟುಬಿಡಲು ಹೊರಟಿದ್ದವನು ಮರಳಿ ಬಂದು ಪೂರ್ತಿ ಮಾಡಿಕೊಟ್ಟ. ಕುಣಿತದಲ್ಲಿ ಆ ದುಃಖದ ಗುರುತು ಹುಡುಕಿದರೂ ಸಿಗದು.

ವಯಸ್ಸಿನ ಮಾತನ್ನು ಚಿತ್ರ ಬಚ್ಚಿಡುವುದಿಲ್ಲ. ನ್ಯೂಯಾರ್ಕಿನ ಹೋಟೆಲಿನಲ್ಲಿ ಇಬ್ಬರನ್ನೂ ಕಂಡ ಆ ರಾಯಭಾರಿ, ಜರ್ವಿಸ್ ದಾನದ ಹೆಸರಿನಲ್ಲಿ ಏನು ಮಾಡುತ್ತಿದ್ದಾನೆ ಎಂದು ತರಾಟೆಗೆ ತೆಗೆದುಕೊಳ್ಳುತ್ತಾನೆ. ಜೂಲಿಯ ಹಿಂದೆ ಬಿದ್ದಿದ್ದ ಜಿಮ್ಮಿ ಎಂಬ ಹುಡುಗನನ್ನು ಬೊಲಿವಿಯಾದ ಗಣಿಗೆ ಸಾಗಹಾಕಿದ್ದ ಜರ್ವಿಸ್ ಆಗ ತಾನೇ ಊರು ಬಿಡುತ್ತಾನೆ. ಪ್ರೇಕ್ಷಕ ಮನಸ್ಸಿನಲ್ಲಿ ಹೇಳಿಕೊಳ್ಳಬಹುದಾದ ಆಕ್ಷೇಪಣೆಯನ್ನೆಲ್ಲ ಪಾತ್ರವೊಂದರ ಬಾಯಲ್ಲೇ ಹೇಳಿಸಿ, ಹೇಳಿದ್ದಾಯಿತಲ್ಲ ಎಂದು ಮುಂದೆ ಸಾಗುವ ಉಪಾಯ ಇದು. ಕೊನೆಗೆ ಜೂಲಿ ಉಪಕಾರಿಯನ್ನು ಕಾಣಲು ಅವನ ಮನೆಗೇ ಬರುತ್ತಾಳೆ. ಇಬ್ಬರು ಗಂಡಸರೆಂದುಕೊಂಡದ್ದು ಒಬ್ಬನೇ ಎಂದು ತಿಳಿದಾಗ ಅವಳು ಕೋಪಿಸಿಕೊಳ್ಳುವುದಿಲ್ಲ, ಕುಣಿಯುತ್ತಾಳೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1984ರಲ್ಲಿ ಪದ್ಮರಾಜನ್ ಬರೆದು ಐ.ವಿ. ಶಶಿ ನಿರ್ದೇಶಿಸಿದ ಮಲಯಾಳಂ ಚಿತ್ರ ಕಾಣಾಮರಯತ್ತಿನಲ್ಲಿ ಮಮ್ಮುಟ್ಟಿ ಉಪಕಾರಿಯಾದ, ಶೋಭನಾ ಅನಾಥೆಯಾದಳು. ಶೀರ್ಷಿಕೆಯ ಅರ್ಥ ಕಣ್ಣಿಗೆ ಕಾಣದ ಮರೆ. ಕನ್ನಡದ ಕಣ್ಮರೆ ಬಲ್ಲವರಿಗೆ ಅನುವಾದ ಬೇಕಿಲ್ಲ, ಮತ್ತು ಡ್ಯಾಡಿ ಎಂಬ ಮಾತಿನ ಗೊಡವೆಯೂ ಅದರಲ್ಲಿಲ್ಲ. 1990ರಲ್ಲಿ ಜಪಾನಿನ ನಿಪ್ಪಾನ್ ಅನಿಮೇಷನ್ 40 ಕಂತಿನ ಕಾರ್ಟೂನ್ ಧಾರಾವಾಹಿ ಮಾಡಿತು. ಎರಡು ಗಂಟೆಯ ಸಿನಿಮಾದಲ್ಲಿ ಫೈಲಿನಲ್ಲೇ ಉಳಿದುಹೋದ ಪತ್ರಗಳಿಗೆ ಅಲ್ಲಿ ವಾರಕ್ಕೊಂದು ಸರದಿ ಸಿಕ್ಕಿತು. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಓದಿಸುವ ಜಪಾನಿನ ಆಶಿನಾಗ ಎಂಬ ಸಂಸ್ಥೆಯ ಹೆಸರು ಬಂದದ್ದೂ ಈ ಪುಸ್ತಕದಿಂದಲೇ. ಆಶಿನಾಗ ಎಂದರೆ ಉದ್ದಗಾಲು. ಹಣ ಕೊಡುವವರನ್ನು ಅಲ್ಲಿ ಆಶಿನಾಗ-ಸಾನ್ ಎನ್ನುತ್ತಾರೆ, ಎಂದರೆ ಉದ್ದಗಾಲಿನವರು. ಕೊಡುವವರು ಸಾವಿರಾರು ಮಂದಿ, ಮದುವೆಯ ಅಧ್ಯಾಯವನ್ನು ಅವರು ಇಟ್ಟುಕೊಂಡಿಲ್ಲ.