ಗಾಲಿ ಪಂಡಿತರು

ರಿಮೋಟಿನಿಂದ ಓಡುವ ಆಫ್‌ರೋಡ್ ಟ್ರಕ್ಕಿಗೆ ಟೈರು, ಗಾಲಿ ಆರಿಸುವುದನ್ನೇ ಜೀವನದ ಮುಖ್ಯ ವ್ಯಾಸಂಗವಾಗಿ ಮಾಡಿಕೊಂಡವರನ್ನು ಗಾಲಿ ಪಂಡಿತರು ಎನ್ನಬಹುದು. ಹೈದರಾಬಾದಿನಲ್ಲಿ ಇವರ ವಾಸ ಹೆಚ್ಚಾಗಿ ಕೊಂಡಾಪುರ, ಮಿಯಾಪುರ, ತೆಲ್ಲಾಪುರದ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ. ವಯಸ್ಸು ನಲವತ್ತರ ಆಚೀಚೆ, ಉದ್ಯೋಗ ಸಾಫ್ಟ್‌ವೇರು. ಕನ್ನಡದವರಾದರೆ ಮೂಲ ಊರು ಸಾಮಾನ್ಯವಾಗಿ ಕಲಬುರಗಿ, ಬೀದರ್ ಅಥವಾ ರಾಯಚೂರು. ಟ್ರಕ್ಕು ಒಂದೇ ಇರುತ್ತದೆ, ಟೈರು ಮಾತ್ರ ಏಳೆಂಟು ಸೆಟ್ಟು. ಟ್ರಕ್ಕನ್ನು ಯಾರಾದರೂ ಆಟಿಕೆ ಎಂದರೆ ಅವರು ಜಗಳಕ್ಕೇನೂ ಹೋಗುವುದಿಲ್ಲ. ‘ಒನ್ ಬೈ ಟೆನ್ ಸ್ಕೇಲ್’, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಅಳತೆ, ಎಂದು ಮೆಲ್ಲಗೆ ತಿದ್ದಿ, 1979ರಲ್ಲಿ ಜಪಾನಿನ ತಮಿಯಾ ಕಂಪನಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಬಗ್ಗಿಗಳನ್ನು ಬಿಡುಗಡೆ ಮಾಡಿದ ಕಡೆಯಿಂದ ಕಥೆ ಶುರು ಮಾಡುತ್ತಾರೆ. ಅಂದವರು ಪಶ್ಚಾತ್ತಾಪ ಪಡಲು ಅಷ್ಟು ಸಾಕು.

ಪಂಡಿತರ ಶಾಸ್ತ್ರದಲ್ಲಿ ಮೊದಲ ಅಧ್ಯಾಯ ಅಳತೆ. ಟೈರಿಗೆ ಹೇಳುವ 1.9, 2.2, 2.8, 3.8 ಎಂಬ ಅಂಕಿಗಳು ಟೈರಿನ ಎತ್ತರವಲ್ಲ, ಅದು ಕೂರುವ ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲಿ. ಬಂಡೆ ಹತ್ತುವ ಕ್ರಾಲರುಗಳಿಗೆ 1.9 ಮತ್ತು 2.2, ಹಾರಿ ಬೀಳುವ ಮಾನ್‌ಸ್ಟರ್ ಟ್ರಕ್ಕುಗಳಿಗೆ 2.8 ಅಥವಾ 3.8. ಗಾಲಿಯ ಹಿಂಬದಿಯಲ್ಲಿ ಆರು ಮೂಲೆಯ ಒಂದು ಗುಳಿ ಇರುತ್ತದೆ. ಅದನ್ನು ಹೆಕ್ಸ್ ಎನ್ನುತ್ತಾರೆ. ಹತ್ತನೇ ಒಂದು ಅಳತೆಯ ಟ್ರಕ್ಕಿಗೆ ಸಾಮಾನ್ಯವಾಗಿ 12 ಮಿಲಿಮೀಟರು, ಎಂಟನೇ ಒಂದು ಅಳತೆಯದಕ್ಕೆ 17. ಹೆಕ್ಸ್ ಸರಿಹೋದರೂ ಆಫ್‌ಸೆಟ್ ಎಂಬುದು ಕಾಡುತ್ತದೆ. ಗಾಲಿ ಹೆಚ್ಚು ಹೊರಕ್ಕೆ ಚಾಚಿದರೆ ಬೇರಿಂಗಿಗೆ ಭಾರ, ಒಳಕ್ಕೆ ಸರಿದರೆ ತಿರುವಿನಲ್ಲಿ ಟೈರು ಬಾಡಿಗೆ ಉಜ್ಜುತ್ತದೆ. ಟ್ರಾಕ್ಸಸ್ ಕಂಪನಿಯ ಸ್ಲ್ಯಾಶ್ ಟ್ರಕ್ಕಿನ ಟೂ ವ್ಹೀಲ್ ಡ್ರೈವ್ ಮಾದರಿಯಲ್ಲಿ ಮುಂದಿನ ಗಾಲಿಯ ಆಫ್‌ಸೆಟ್ಟೇ ಬೇರೆ, ಹಿಂದಿನದೇ ಬೇರೆ. ಹೊಸಬರು ನಾಲ್ಕೂ ಒಂದೇ ಬಗೆಯದನ್ನು ತರಿಸಿ ಪೇಚಿಗೆ ಬೀಳುವುದು ಇಲ್ಲಿಯೇ. ಪಂಡಿತರು ಬೀಳುವುದಿಲ್ಲ. ಅವರು ಎರಡೂ ಬಗೆಯನ್ನು ನಾಲ್ಕು ನಾಲ್ಕು ತರಿಸಿರುತ್ತಾರೆ.

ಎರಡನೆಯದು ನೆಲ. ನಿಜ ಹೇಳಬೇಕೆಂದರೆ ಟೈರನ್ನು ಆರಿಸಬೇಕಾದದ್ದು ನೆಲವೇ, ಮನುಷ್ಯನಲ್ಲ. ಈ ವಿಷಯದಲ್ಲಿ ಹೈದರಾಬಾದು ಪಂಡಿತರಿಗೆ ಅನುಕೂಲವೂ ಹೌದು, ತೊಂದರೆಯೂ ಹೌದು. ಊರು ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ. ಒಂದರ ಮೇಲೊಂದು ಯಾರೋ ಇಟ್ಟು ಹೋದಂತೆ ನಿಂತ ಗುಂಡುಗಲ್ಲುಗಳು ಖಾಜಾಗುಡದಲ್ಲಿ, ಮೌಲಾ ಅಲಿಯಲ್ಲಿ, ದುರ್ಗಂ ಚೆರುವಿನ ಸುತ್ತ ಇನ್ನೂ ಉಳಿದಿವೆ. ಬಂಡೆ ಒಡೆದು ಕಟ್ಟಡ ಕಟ್ಟುವ ಭರಾಟೆ ಕಂಡು 1996ರಲ್ಲಿ ಬಂಡೆಗಳನ್ನು ಉಳಿಸಲೆಂದೇ ಒಂದು ಸಂಸ್ಥೆಯೂ ಹುಟ್ಟಿತು. ಪಂಡಿತರು ಅದರ ಪರಮ ಅಭಿಮಾನಿಗಳು, ಕಾರಣ ಮಾತ್ರ ಬೇರೆ. ಗ್ರಾನೈಟಿನ ಮೈ ಒರಟು. ಮೆತ್ತನೆಯ ರಬ್ಬರು ಆ ಹರಳುಗಳ ಸಂದಿಗೆ ಇಳಿದು ಹಿಡಿತ ಸಾಧಿಸುತ್ತದೆ, ಗಟ್ಟಿ ರಬ್ಬರು ಮೇಲೆಯೇ ಜಾರುತ್ತದೆ. ಆದರೆ ಅದೇ ಬಂಡೆ ಸವೆದು ಉದುರಿದ ಗರಸು, ಇಲ್ಲಿಯವರು ಮೊರಂ ಎನ್ನುವುದು, ಗಟ್ಟಿ ನೆಲದ ಮೇಲೆ ಹರಡಿದ್ದರೆ ಕಥೆ ಬೇರೆ. ಅಲ್ಲಿ ಸಣ್ಣ ಸಣ್ಣ ಮೊಳೆಯಂಥ ಪಿನ್ ಟೈರು ಬೇಕು. ಕೋಕಾಪೇಟೆಯ ಕಟ್ಟಡಗಳ ಮುಂದಿನ ಮರಳ ರಾಶಿಗೆ ಹುಟ್ಟಿನಂಥ ಅಡ್ಡಪಟ್ಟಿಯ ಪ್ಯಾಡಲ್ ಟೈರು, ಮಳೆಗಾಲದ ಕೆಸರಿಗೆ ದೂರ ದೂರ ದಪ್ಪ ಗುಬ್ಬಿಯ ಟೈರು. ನೆಕ್ಲೆಸ್ ರಸ್ತೆಯ ಡಾಂಬರಿಗೆ ಒಯ್ದರೆ ಬಂಡೆಯ ಮೆತ್ತನೆ ಟೈರು ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಸವೆಯುತ್ತದೆ.

ಹೀಗೆ ಐದು ನೆಲಕ್ಕೆ ಐದು ಸೆಟ್ಟು ಎಂಬುದು ಪಂಡಿತರ ವಾದ. ವಾದದಲ್ಲಿ ದೋಷವಿಲ್ಲ. ಟ್ರಕ್ಕು ವಾರಕ್ಕೆ ಆರು ದಿನ ಓಡುವುದು ಮಾತ್ರ ಆರನೆಯ ನೆಲದ ಮೇಲೆ, ಅಂದರೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ. ಅಲ್ಲಿಯ ನುಣುಪಾದ ಸಿಮೆಂಟಿಗೆ ಯಾವ ಟೈರಾದರೂ ನಡೆಯುತ್ತದೆ. ಈ ಮಾತನ್ನು ಅವರ ಎದುರು ಯಾರೂ ಆಡುವುದಿಲ್ಲ.

ರಬ್ಬರಿನ ಒಳಗೆ ಏನಿದೆ ಎಂಬುದು ಮುಂದಿನ ಅಧ್ಯಾಯ. ಪಕ್ಕದ ಫ್ಲ್ಯಾಟಿನವರು ಎಷ್ಟು ಗಾಳಿ ಹಾಕಬೇಕು ಎಂದು ಕೇಳಿದಾಗ ಪಂಡಿತರ ಕಣ್ಣಿಗೆ ಹೊಳಪು ಬರುತ್ತದೆ. ಈ ಟೈರುಗಳಲ್ಲಿ ಒತ್ತಡದ ಗಾಳಿ ಇರುವುದಿಲ್ಲ, ಆಕಾರ ಹಿಡಿಯುವುದು ಒಳಗಿನ ಫೋಮು. ಮೆತ್ತನೆ ಫೋಮು ಬಂಡೆಗೆ ಅಪ್ಪಿಕೊಳ್ಳುತ್ತದೆ, ಆದರೆ ಓರೆಯಾದಾಗ ಟ್ರಕ್ಕನ್ನು ಬೀಳಿಸುತ್ತದೆ. ಆದ್ದರಿಂದ ಹೊರಗೆ ಮೆತ್ತನೆಯದು, ಒಳಗೆ ಗಟ್ಟಿಯದು ಸೇರಿಸಿದ ಎರಡು ಪದರದ ಫೋಮೂ ಉಂಟು. ಟೈರು ಒತ್ತಿದಾಗ ಗಾಳಿ ಹೊರಗೆ ಹೋಗಲು ರಿಮ್ಮಿನಲ್ಲಿ ತೂತು ಇರುತ್ತದೆ. ಮಳೆಗಾಲದಲ್ಲಿ ಅದೇ ತೂತಿನಿಂದ ನೀರು ಒಳಗೆ ಸೇರಿ, ಫೋಮು ನೀರು ಕುಡಿದು, ಟ್ರಕ್ಕು ಕುಂಟುತ್ತ ಬರುತ್ತದೆ. ರಿಮ್ಮಿನ ತೂತು ಮುಚ್ಚಿ ಟೈರಿನ ನಡುವೆ ಎರಡು ಸಣ್ಣ ತೂತು ಕೊರೆದರೆ, ತಿರುಗುವ ವೇಗಕ್ಕೆ ನೀರು ಹೊರಗೆ ಚಿಮ್ಮುತ್ತದೆ. ವೇಗದ ಟ್ರಕ್ಕುಗಳಿಗೆ ಇನ್ನೊಂದು ರೋಗ: ಬ್ಯಾಟರಿಯ ಜೋರಿಗೆ ಟೈರು ಎತ್ತರಕ್ಕೆ ಹಿಗ್ಗಿ, ಅಗಲ ಕಳೆದುಕೊಂಡು, ಹಿಡಿತ ಬಿಡುತ್ತದೆ. ಇದಕ್ಕೆ ಒಳಗಿನಿಂದ ಟೇಪು ಸುತ್ತುತ್ತಾರೆ, ಇಲ್ಲವೇ ಬೆಲ್ಟು ಹಾಕಿದ ಟೈರನ್ನೇ ಕೊಳ್ಳುತ್ತಾರೆ.

ಅಂಟಿಸುವ ವಿಷಯಕ್ಕೆ ಬಂದರೆ ಸಂಸಾರವೂ ಒಳಗೆ ಬರುತ್ತದೆ. ಕ್ರಾಲರುಗಳ ಬೀಡ್‌ಲಾಕ್ ಗಾಲಿಯಲ್ಲಿ ಉಂಗುರವೊಂದನ್ನು ಸಣ್ಣ ಸ್ಕ್ರೂಗಳಿಂದ ಬಿಗಿದು ಟೈರನ್ನು ಹಿಡಿಸುತ್ತಾರೆ. ಒಂದೊಂದು ಗಾಲಿಗೂ ಹತ್ತಾರು ಸ್ಕ್ರೂ, ಮಂಚದ ಕೆಳಗೆ ಉರುಳಿದ್ದು ಬೇರೆ. ಉಳಿದ ಟ್ರಕ್ಕುಗಳಲ್ಲಿ ಟೈರನ್ನು ರಿಮ್ಮಿಗೆ ಫೆವಿಕ್ವಿಕ್ ಜಾತಿಯ ಅಂಟಿನಿಂದ ಅಂಟಿಸುತ್ತಾರೆ. ಟೈರು ಸವೆದ ಮೇಲೆ ರಿಮ್ಮು ಉಳಿಸಿಕೊಳ್ಳಬೇಕಾದರೆ ಅಸಿಟೋನಿನಲ್ಲಿ ನೆನೆಹಾಕಬೇಕು, ಅಥವಾ ನೀರಿನಲ್ಲಿ ಕುದಿಸಬೇಕು. ನೈಲಾನ್ ರಿಮ್ಮು ಅಸಿಟೋನನ್ನು ತಡೆಯುತ್ತದೆ, ಕೆಲವು ಪ್ಲಾಸ್ಟಿಕ್ಕು ಕರಗುತ್ತದೆ. ಹಾಗಾಗಿ ಕುದಿಸುವುದೇ ಕ್ಷೇಮ ಎಂದು ಪಂಡಿತರು ತೀರ್ಮಾನಿಸುತ್ತಾರೆ. ಮನೆಯವರು ಊರಿಗೆ ಹೋದ ದಿನ ನೋಡಿ ಪಾತ್ರೆ ಒಲೆಗೇರುತ್ತದೆ. ಮೂರು ದಿನ ಬಿಟ್ಟು ಊಟದ ಹೊತ್ತಿಗೆ ಪ್ರಶ್ನೆ ಬರುತ್ತದೆ: ‘ಸಾರಿನ್ಯಾಗ ಟಾಯರ್ ವಾಸನಿ ಯಾಕ ಬರ್ಲಕತ್ತದ್ರೀ?’ ನಲವತ್ತು ಬಗೆಯ ರಬ್ಬರಿನ ಗುಣ ಬಲ್ಲವರಿಗೆ ಆಗ ಒಂದು ಉತ್ತರವೂ ಹೊಳೆಯುವುದಿಲ್ಲ.

ಟೈರು ದೊಡ್ಡದಾದಷ್ಟು ಟ್ರಕ್ಕಿಗೆ ಗತ್ತು, ಮೋಟಾರಿಗೆ ಕುತ್ತು. ವ್ಯಾಸ 100 ಮಿಲಿಮೀಟರಿನಿಂದ 120ಕ್ಕೆ ಏರಿದರೆ ಗಾಲಿಯ ಒಂದು ಸುತ್ತಿಗೆ ಸಾಗುವ ದೂರ 314 ಮಿಲಿಮೀಟರಿನಿಂದ 377ಕ್ಕೆ ಏರುತ್ತದೆ. ಮೋಟಾರು ಐದನೇ ಒಂದರಷ್ಟು ಹೆಚ್ಚು ಹೆಣಗಬೇಕು. ಅದಕ್ಕೆ ಹಲ್ಲು ಕಡಿಮೆಯಿರುವ ಪಿನಿಯನ್, ಅಂದರೆ ಮೋಟಾರಿನ ಸಣ್ಣ ಹಲ್ಲುಗಾಲಿ, ಹಾಕುವುದು ನಿಯಮ. ಹೈದರಾಬಾದಿನ ಮೇ ತಿಂಗಳಲ್ಲಿ ನಿಯಮ ಮರೆತವರ ಮೋಟಾರು ಹತ್ತು ನಿಮಿಷದಲ್ಲಿ ಕೈ ಸುಡುತ್ತದೆ.

ತೂಕದ ಲೆಕ್ಕ ಕ್ರಾಲರಿನವರಿಗೆ ಮಾತ್ರ. ಮುಂದಿನ ಗಾಲಿಗಳಲ್ಲಿ ಭಾರವಿದ್ದರೆ ಟ್ರಕ್ಕಿನ ಮೂತಿ ಕಡಿದಾದ ಬಂಡೆಯಲ್ಲೂ ಮೇಲೇಳುವುದಿಲ್ಲ. ಹಿತ್ತಾಳೆಯ ಉಂಗುರ ತರಿಸಬಹುದು, ಕಾರಿನ ಗಾಲಿ ಬ್ಯಾಲೆನ್ಸ್ ಮಾಡಲು ಅಂಟಿಸುವ 5 ಗ್ರಾಮಿನ ತುಂಡುಗಳಾದರೂ ಆದೀತು. ಪಂಡಿತರು ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಅಂಥ ಇಪ್ಪತ್ತು ತುಂಡು ಕೇಳುತ್ತಾರೆ. ‘ಗಾಡಿ ಕಾಂ ಹೈ ಸಾಬ್?’ ಎಂದು ಹುಡುಗ ಹೊರಗೆ ನೋಡುತ್ತಾನೆ. ಪಂಡಿತರು ಜೇಬಿನಿಂದ ಅಂಗೈ ಅಗಲದ ಗಾಲಿ ತೆಗೆದು ತೋರಿಸುತ್ತಾರೆ. ಹುಡುಗ ಅದನ್ನು ನೋಡಿ, ಬಳಿಕ ಅವರ ಕಾರಿನ ಬೋಳು ಟೈರಿನ ಮೇಲೆ ಕೈಯಾಡಿಸಿ, ‘ಪೆಹಲೆ ಯೇ ಟೈರಾಂ ಬದ್ಲೋ ಸಾಬ್’ ಎನ್ನುತ್ತಾನೆ. ಅವರು ನಕ್ಕು ತುಂಡುಗಳ ದುಡ್ಡು ಕೊಟ್ಟು ಬರುತ್ತಾರೆ. ಕಾರಿನ ಟೈರು ಆರಿಸುವುದರಲ್ಲಿ ಅವರಿಗೆ ರಸವಿಲ್ಲ. ಅಂಗಡಿಯವನು ಹಾಕಿದ್ದೇ ಸರಿ.

ಭಾನುವಾರ ಬಿಸಿಲೇರುವ ಮೊದಲು ಖಾಜಾಗುಡದ ಬಂಡೆಗಳ ಬಳಿ ಇಷ್ಟೂ ಶಾಸ್ತ್ರದ ಪರೀಕ್ಷೆ ನಡೆಯುತ್ತದೆ. ಕ್ರಾಲರು ನಡೆಯುವ ಮನುಷ್ಯನಿಗಿಂತ ನಿಧಾನ. ಅಂಗೈ ಎತ್ತರದ ಮೆಟ್ಟಿಲನ್ನು ಅದು ತಬ್ಬಿ, ಜಾರಿ, ಮತ್ತೆ ತಬ್ಬಿ ಹತ್ತುವಾಗ ಪಂಡಿತರು ಉಸಿರು ಬಿಗಿಹಿಡಿದಿರುತ್ತಾರೆ. ದಾರಿಹೋಕರು ನಿಂತು ಕೇಳುವುದು ‘ಎಂತ ಸ್ಪೀಡ್ ಪೋತದನ್ನಾ?’ ಎಂಬ ಒಂದೇ ಪ್ರಶ್ನೆ. ಗಾಲಿಯ ಬಗ್ಗೆ ಈತನಕ ಯಾರೂ ಕೇಳಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕವರಿಗೆ ಅವರು ಕೇಳದೆಯೇ ಹೇಳುವುದು ಇದೇ ಕೊರತೆಯಿಂದ ಇರಬೇಕು.

ಕೊಳ್ಳುವ ಸಂಗತಿ ಕೊನೆಯದು, ಕಹಿಯಾದದ್ದೂ ಹೌದು. ಒಳ್ಳೆಯ ಟೈರು ಹೊರದೇಶದಿಂದಲೇ ಬರಬೇಕು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಪಾರ್ಸೆಲ್ಲು ಆಟಿಕೆ ಎಂಬ ಹೆಸರಿನಲ್ಲಿ ಕಸ್ಟಮ್ಸಿನಲ್ಲಿ ಕೂತಾಗ ‘ಒನ್ ಬೈ ಟೆನ್ ಸ್ಕೇಲ್’ ಎಂಬ ತಿದ್ದುಪಡಿ ಅಲ್ಲಿ ನಡೆಯುವುದಿಲ್ಲ. ಪಂಡಿತರು ಸುಂಕ ಕಟ್ಟುತ್ತಾರೆ, ಮನೆಯಲ್ಲಿ ಬೆಲೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಹೇಳುತ್ತಾರೆ.

ಇನ್ನು ಉಳಿಯುವುದು ಗಾಲಿ ಬಿಗಿಯುವ ನಟ್ಟು. ಹತ್ತನೇ ಒಂದು ಅಳತೆಯ ಟ್ರಕ್ಕಿಗೆ ಒಳಗೆ ನೈಲಾನ್ ಬಳೆಯಿರುವ 4 ಮಿಲಿಮೀಟರಿನ ಲಾಕ್ ನಟ್ಟು ಸಾಕು. ಅತಿಯಾಗಿ ಬಿಗಿದರೆ ಗಾಲಿ ಸಲೀಸಾಗಿ ತಿರುಗುವುದಿಲ್ಲ, ಸಡಿಲ ಬಿಟ್ಟರೆ ಹೆಕ್ಸಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಬಿಚ್ಚಿ ಹಾಕಿ ಮಾಡಿದಷ್ಟೂ ನೈಲಾನು ಹಿಡಿತ ಕಳೆದುಕೊಳ್ಳುತ್ತದೆ. ಸಾಮಾನ್ಯರ ನಟ್ಟು ಬಹುಕಾಲ ಬಾಳುತ್ತದೆ. ದಿನಕ್ಕೊಂದು ಸೆಟ್ಟು ಹಾಕಿ ನೋಡುವ ಪಂಡಿತರ ನಟ್ಟು ಬೇಗ ಸವೆದು, ಬಂಡೆಯ ತುದಿಯಲ್ಲಿ ಗಾಲಿ ಟ್ರಕ್ಕನ್ನು ಬಿಟ್ಟು ತಾನೊಂದೇ ಇಳಿಜಾರು ಹಿಡಿಯುತ್ತದೆ. ಅಂಥ ನಟ್ಟು ಸಿಕಂದರಾಬಾದಿನ ರಾಣಿಗಂಜಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಪಂಡಿತರಿಗೆ ಬೇಕಾದದ್ದು ಮಾತ್ರ ನೀಲಿ ಬಣ್ಣದ ಅಲ್ಯುಮಿನಿಯಂ ನಟ್ಟು, ಅದೂ ಹೊರದೇಶದ್ದು. ನಾಲ್ಕೇ ನಟ್ಟಿಗೆ ಅಷ್ಟು ಸಾಗಣೆ ಖರ್ಚು ಕೊಡುವುದು ದಂಡ ಎಂದು ಲೆಕ್ಕ ಹಾಕಿ, ಜೊತೆಗೆ ಇನ್ನೊಂದು ಸೆಟ್ಟು ಟೈರನ್ನೂ ಸೇರಿಸುತ್ತಾರೆ.