ಬೆಂಕಿ ಬೀಳುವ ತನಕ ನಾವಿಬ್ಬರೂ ಒಂದೇ

ಸರ್ಕಾರಿ ಇಲಾಖೆಗಳ ನಡುವೆ ಸಮನ್ವಯವೇ ಇಲ್ಲ ಎಂದು ಗೊಣಗುವವರನ್ನು ಕಂಡರೆ ಅಯ್ಯೋ ಪಾಪ ಅನಿಸುತ್ತದೆ. ಅವರು ಬೆಂಗಳೂರಿನ ಯಾವುದಾದರೂ ಮಾರುಕಟ್ಟೆ ರಸ್ತೆಯಲ್ಲಿ ನಿಂತು 'ಜಂಟಿ ಕಾರ್ಯಾಚರಣೆ'ಯನ್ನು ಕಣ್ಣಾರೆ ನೋಡಿದವರಲ್ಲ. ಮುಂದೆ ಪೊಲೀಸರ ಹೊಯ್ಸಳ ಗಾಡಿ, ಹಿಂದೆ ಪಾಲಿಕೆಯ ಲಾರಿ, ನಡುವೆ ಮಾರ್ಷಲ್‌ಗಳು. ಪೇದೆ ಸೀಟಿ ಊದುವುದಕ್ಕೂ ಪಾಲಿಕೆಯ ಆಳು ತಕ್ಕಡಿಗೆ ಕೈ ಹಾಕುವುದಕ್ಕೂ ಸರಿಹೋಗುತ್ತದೆ. ಮದುವೆ ಮನೆಯ ಓಲಗದವರಲ್ಲೂ ಇಂಥ ತಾಳಮೇಳ ಸಿಗುವುದು ಕಷ್ಟ.

ಲಾರಿಗೆ ಮೊದಲು ಹತ್ತುವುದು ಗ್ಯಾಸ್ ಸಿಲಿಂಡರ್, ಆಮೇಲೆ ಬಜ್ಜಿ ಬಾಣಲೆ, ಕೊನೆಗೆ ಟೊಮೆಟೊ ಬುಟ್ಟಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ 19ನೇ ಕಲಂ ಪ್ರಕಾರ, ಜಪ್ತಿ ಮಾಡಿದ ಸಾಮಾನಿನ ಪಟ್ಟಿಯನ್ನು ಬರೆದುಕೊಡಬೇಕು. ಕೊಳೆಯುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕು. ಟೊಮೆಟೊ ಕೇಳಲು ಹೋದವಳಿಗೆ ಠಾಣೆಯವರು "ಪಾಲಿಕೆ ಗೋಡೌನಿಗೆ ಹೋಗಮ್ಮ" ಎನ್ನುತ್ತಾರೆ. ಗೋಡೌನಿನವರು "ಠಾಣೆಯಿಂದ ಲೆಟರ್ ತಗೊಂಬಾ" ಎನ್ನುತ್ತಾರೆ. ಇಷ್ಟರಲ್ಲಿ ಟೊಮೆಟೊ ಕಾನೂನಿಗೆ ಕಾಯದೆ ತನ್ನ ಪಾಡಿಗೆ ಕೊಳೆತಿರುತ್ತದೆ.

2023ರ ನವೆಂಬರಿನಲ್ಲಿ ಜಯನಗರ 4ನೇ ಬ್ಲಾಕಿನ ಫುಟ್‌ಪಾತ್‌ಗಳನ್ನು ಹೀಗೇ ಪೊಲೀಸ್ ಬಂದೋಬಸ್ತಿನಲ್ಲಿ 'ಸ್ವಚ್ಛ' ಮಾಡಲಾಯಿತು. ನಡೆಯುವವರಿಗೆ ದಾರಿ ಬೇಕು ನಿಜ. ಆದರೆ ಅದೇ ಕಾಯ್ದೆ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ವ್ಯಾಪಾರದ ಸರ್ಟಿಫಿಕೇಟ್ ಕೊಡುವ ತನಕ ಯಾರನ್ನೂ ಎತ್ತಂಗಡಿ ಮಾಡಬೇಡಿ ಎನ್ನುತ್ತದೆ. ಸರ್ಟಿಫಿಕೇಟ್ ಪಡೆದು ಷರತ್ತಿನಂತೆ ವ್ಯಾಪಾರ ಮಾಡುವವರ ತಂಟೆಗೆ ಪೊಲೀಸರು ಹೋಗಕೂಡದು ಎಂದು 27ನೇ ಕಲಂ ಹೇಳುತ್ತದೆ. ಇಷ್ಟು ಸರಳವಾದ ಸರ್ಟಿಫಿಕೇಟನ್ನು ಎಲ್ಲರಿಗೂ ಕೊಟ್ಟು ಮುಗಿಸಬಾರದೇ ಎಂದು ಕೇಳುವವರಿಗೆ ಆಡಳಿತದ ಅರ್ಥಶಾಸ್ತ್ರ ಗೊತ್ತಿಲ್ಲ. ಸರ್ಟಿಫಿಕೇಟ್ ಇರುವವನು ಗೊತ್ತಾದ ಶುಲ್ಕವನ್ನು ಗೊತ್ತಾದ ಕಾಲಕ್ಕೆ ಕಟ್ಟಿ ರಸೀದಿ ಕೇಳುತ್ತಾನೆ. ಇಲ್ಲದವನು ದಿನಾ ಕಟ್ಟುತ್ತಾನೆ, ರಸೀದಿ ಕೇಳುವುದೂ ಇಲ್ಲ. ಬೆಳಗ್ಗೆ ಎತ್ತಿಸಿದ ಗಾಡಿ ಸಂಜೆ ಅದೇ ಜಾಗದಲ್ಲಿ ಒಲೆ ಹಚ್ಚುವುದು ಪವಾಡವೇನಲ್ಲ, ಎರಡೂ ಕಡೆ ಲೆಕ್ಕ ಚುಕ್ತಾ ಆಗಿದೆ ಎಂದರ್ಥ.

ಇನ್ನು ತುಸು ತಲೆಯೆತ್ತಿ ನೋಡೋಣ. ಅದೇ ರಸ್ತೆಯ ನಾಲ್ಕನೇ ಮಹಡಿಯ ತಾರಸಿಯಲ್ಲಿ ಒಂದು ಪಬ್. ಮೇಲೆ ಒಣಬಿದಿರಿನ ಚಪ್ಪರ, ಕೆಳಗೆ ಅಡುಗೆಮನೆಯ ಸಿಲಿಂಡರ್‌ಗಳ ಸಾಲು. ಇರುವ ಒಂದೇ ಮೆಟ್ಟಿಲ ಮೇಲೆ ಆಳೆತ್ತರ ಪೇರಿಸಿದ ಬಿಯರ್ ಕ್ರೇಟುಗಳು. ಅಗ್ನಿಶಾಮಕ ಸಿಲಿಂಡರಿನ ಮೇಲಿನ ಚೀಟಿಯಲ್ಲಿ ಅವಧಿ ಮುಗಿದಿದೆ, ಪಕ್ಕದ ಫೋಟೊದ ದೇವರಿಗೆ ಮಾತ್ರ ಇವತ್ತಿನ ತಾಜಾ ಹೂವಿದೆ. ಇಲ್ಲಿ ಜಂಟಿ ಕಾರ್ಯಾಚರಣೆ ಯಾಕಿಲ್ಲ ಎಂದರೆ, ನಾಲ್ಕನೇ ಮಹಡಿಗೆ ಲಾರಿ ಹತ್ತುವುದಿಲ್ಲ, ಸ್ವಾಮಿ.

ಲೈಸೆನ್ಸಿನ ಕಥೆ ಇನ್ನೂ ಸೊಗಸು. ಟ್ರೇಡ್ ಲೈಸೆನ್ಸ್ ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗ. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಕೊಡುವುದು ಅದೇ ಪಾಲಿಕೆಯ ನಗರ ಯೋಜನೆ ವಿಭಾಗ. ಓಸಿ ಇಲ್ಲದ ಕಟ್ಟಡದೊಳಗಿನ ಅಂಗಡಿಗೂ ಲೈಸೆನ್ಸ್ ಸಿಕ್ಕ ಉದಾಹರಣೆಗಳಿಗೆ ಈ ಊರಲ್ಲಿ ಬರವಿಲ್ಲ. ಎಡಗೈ ಕೊಟ್ಟದ್ದು ಬಲಗೈಗೆ ತಿಳಿಯಬಾರದು ಎಂಬ ದಾನಧರ್ಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಸಂಸ್ಥೆ ಬೇರೊಂದಿರಲಾರದು. ಪಬ್ಬಿನಲ್ಲಿ ಸಂಗೀತ ಹಾಕಬೇಕೆಂದರೆ ಮನರಂಜನಾ ಸ್ಥಳಗಳ ಕುರಿತ 2005ರ ಆದೇಶದಂತೆ ಪೊಲೀಸರ ಲೈಸೆನ್ಸ್ ಬೇಕು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅರ್ಜಿ ಹಿಡಿದು ಓಡಿದ ಮಾಲೀಕರಿಗೆ ಪೊಲೀಸರು ಹೇಳಿದ್ದು: ಓಸಿ ತನ್ನಿ. ಪಾಲಿಕೆ ಕೊಡದೆ ಇಟ್ಟುಕೊಂಡದ್ದನ್ನು ಪೊಲೀಸರು ಕೇಳುತ್ತಾರೆ. ಸಹಕಾರ ಎಂದರೆ ಇದಲ್ಲವೇ! ಆ ವರ್ಷ ಕೆಲವು ಪಬ್‌ಗಳಲ್ಲಿ ಹಾಡು ನಿಂತಿತು, ಮೆಟ್ಟಿಲ ಮೇಲಿನ ಕ್ರೇಟುಗಳನ್ನು ಯಾರೂ ಕದಲಿಸಲಿಲ್ಲ.

ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಯಾವ ಸ್ಥಳೀಯ ಸಂಸ್ಥೆಯೂ ಪರವಾನಗಿ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಗುಡುಗಿತು. ಇಂಥ ತೀರ್ಪು ಬಂದಾಗ ನಮ್ಮಲ್ಲಿ ನಿಯಮ ಬಿಗಿಯಾಗುತ್ತದೋ ಇಲ್ಲವೋ, ದರವಂತೂ ಏರುತ್ತದೆ.

ಪಾಲಿಕೆ-ಪೊಲೀಸರ ಈ ಅನ್ಯೋನ್ಯ ದಾಂಪತ್ಯದಲ್ಲಿ ಬಿರುಕು ಕಾಣುವುದು ಬೆಂಕಿ ಬಿದ್ದಾಗ ಮಾತ್ರ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ತಾರಸಿ ಪಬ್ಬಿನಲ್ಲಿ ಹದಿನಾಲ್ಕು ಮಂದಿ ಸತ್ತಾಗ ಇಲ್ಲಿಯೂ 'ತಪಾಸಣೆ' ಎಂಬ ಪದ ಪತ್ರಿಕೆಗಳಲ್ಲಿ ಮಿಂಚಿತು. ಹತ್ತೇ ದಿನಕ್ಕೆ, 2018ರ ಜನವರಿ 8ರ ನಸುಕಿನಲ್ಲಿ, ಕಲಾಸಿಪಾಳ್ಯದ ಬಾರೊಂದರಲ್ಲಿ ಮಲಗಿದ್ದ ಐವರು ಕೆಲಸಗಾರರು ಬೆಂಕಿಗೆ ಬಲಿಯಾದರು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಉರಿಯಿತು. ಅದೇ ತಿಂಗಳು ಕೋರಮಂಗಲದ ತಾರಸಿ ಕೆಫೆಗೆ ಬೆಂಕಿ ಬಿದ್ದು, ಒಬ್ಬಾತ ಜೀವ ಉಳಿಸಿಕೊಳ್ಳಲು ಮೇಲಿಂದ ಧುಮುಕಿದ. ಪ್ರತಿ ಸಲವೂ ಮಾತುಕತೆ ಹೀಗೇ ಸಾಗುತ್ತದೆ. ಪಾಲಿಕೆ: ನಾವು ಕೊಟ್ಟದ್ದು ವ್ಯಾಪಾರಕ್ಕೆ, ಬೆಂಕಿಗಲ್ಲ. ಪೊಲೀಸರು: ಕಟ್ಟಡ ನಮ್ಮ ವ್ಯಾಪ್ತಿಗೆ ಬರದು. ಅಗ್ನಿಶಾಮಕದವರು: ಇಷ್ಟು ಗಿಡ್ಡ ಕಟ್ಟಡ ನಮ್ಮ ಲೆಕ್ಕಕ್ಕಿಲ್ಲ. ಅಬಕಾರಿಯವರು: ನಾವು ಬಾಟಲಿ ಮಾತ್ರ ನೋಡುತ್ತೇವೆ. ಅಪರಾಧಿ ಯಾರೆಂದು ಕೊನೆಗೆ ಗೊತ್ತಾಗುವುದು: ಶಾರ್ಟ್ ಸರ್ಕ್ಯೂಟ್.

ಹಾಗೆಂದು ಪಾಲಿಕೆಗೆ ಅಳತೆ ಬಾರದು ಎನ್ನಬೇಡಿ. 2024ರ ಫೆಬ್ರುವರಿಯಲ್ಲಿ, ಬೋರ್ಡಿನ ಶೇ 60ರಷ್ಟು ಕನ್ನಡ ಇರದಿದ್ದರೆ ಲೈಸೆನ್ಸ್ ಅಮಾನತು ಎಂದು ಅಂಗಡಿಗಳ ಬೆನ್ನು ಹತ್ತಿತ್ತು. ಒಳ್ಳೆಯ ಕೆಲಸವೇ. ಅದೇ ಟೇಪನ್ನು ನಾಲ್ಕು ಹೆಜ್ಜೆ ಒಳಗೆ ಒಯ್ದು ತುರ್ತು ಬಾಗಿಲಿನ ಅಗಲವನ್ನೂ ಅಳೆಯಬಹುದಿತ್ತು. ಆದರೆ ಟೇಪು ಹೊಸ್ತಿಲು ದಾಟುವುದು ಬೇರೆ ವಿಭಾಗದ ಕೆಲಸ.

ಪಾಲಿಕೆ, ಪೊಲೀಸರು ಇಬ್ಬರೂ ಕೂತು ಮಾತಾಡಲಿ ಎಂದೇ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿ ಎಂಬ ಮೇಜನ್ನೂ ಹಾಕಿಕೊಟ್ಟಿದೆ. ಪಾಲಿಕೆ, ಪೊಲೀಸ್, ಸಂಚಾರ ಪೊಲೀಸ್ ಎಲ್ಲರಿಗೂ ಅಲ್ಲಿ ಕುರ್ಚಿ, ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳಿಗೇ ಸ್ಥಾನ. ಫುಟ್‌ಪಾತಿನಲ್ಲಿ ಲಾಠಿ ಸಮೇತ ಒಂದಾಗುವವರಿಗೆ ಮೇಜಿನ ಸುತ್ತ ಒಂದಾಗಲು ಯಾಕೋ ಪುರುಸೊತ್ತಿಲ್ಲ. ಇದನ್ನೆಲ್ಲ ಕೇಳಬೇಕಾದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳು ಅಧಿಕಾರಿಗಳನ್ನೇ ಕೇಳಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಇನ್ನು ಮುಂದೆ 'ನಮ್ಮ ವ್ಯಾಪ್ತಿಯಲ್ಲ' ಎನ್ನಲು ಐವರಿದ್ದಾರೆ, ವಿಕೇಂದ್ರೀಕರಣ ಎಂದರೆ ಇದೇ ಇರಬೇಕು.

ನನ್ನದೊಂದು ಸಣ್ಣ ಬೇಡಿಕೆ, ಖರ್ಚಿಲ್ಲದ್ದು. ಪ್ರತಿ ಪಬ್ಬು, ಬಾರು, ಪಟಾಕಿ ಮಳಿಗೆಯ ಬಾಗಿಲಲ್ಲಿ ಒಂದು ಬೋರ್ಡು ಇರಲಿ: ಒಳಗೆ ಎಷ್ಟು ಜನರಿಗೆ ಅನುಮತಿ, ತುರ್ತು ದಾರಿ ಯಾವ ಕಡೆ, ಪಾಲಿಕೆಯಿಂದ ಸಹಿ ಹಾಕಿದವರು ಯಾರು, ಪೊಲೀಸ್ ಇಲಾಖೆಯಿಂದ ಸಹಿ ಹಾಕಿದವರು ಯಾರು. ಹೆಸರು, ಹುದ್ದೆ, ಕೊನೆಯ ಸಲ ಮೆಟ್ಟಿಲು ಹತ್ತಿ ನೋಡಿದ ತಾರೀಖು. ಮರುದಿನವೇ ಆ ಬಿಯರ್ ಕ್ರೇಟುಗಳು ತಾವಾಗಿಯೇ ಕೆಳಗಿಳಿಯುತ್ತವೆ. ಈ ಬೋರ್ಡಿಗೆ ಮಾತ್ರ ಶೇ 60 ಸಾಲದು, ಪೂರ್ತಿ ಕನ್ನಡವೇ ಇರಲಿ. ನಾಳೆ ತನಿಖೆ ಬಂದಾಗ, ಏನು ಬರೆದಿತ್ತೋ ತಿಳಿಯಲಿಲ್ಲ ಎಂದು ಯಾರೂ ಜಾರಿಕೊಳ್ಳಬಾರದು.